ಕಾವಲುಗಿತ್ತಿ ಏಳುವ ಹೊತ್ತು

ಅವನು ಗೋಡೌನಿನ ಕಬ್ಬಿಣದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಗಳಿಗೆಯಲ್ಲೇ, ಎತ್ತರದ ಮೆಟ್ಟಿಲ ತುದಿಯಿಂದ ಒಬ್ಬ ಹೆಂಗಸು ಉರುಳಿಕೊಂಡು ಬಂದಳು. ಭುಜ, ಬೆನ್ನು, ಸೊಂಟ, ಮತ್ತೆ ಭುಜ. ಕೊನೆಯ ಮೆಟ್ಟಿಲೂ ಮುಗಿದು ನೆಲಕ್ಕೆ ಬಿದ್ದವಳು ಅಲುಗಾಡದೆ ಮಲಗಿಬಿಟ್ಟಳು.

ಸುತ್ತ ನಿಂತಿದ್ದವರಲ್ಲಿ ಒಬ್ಬರೂ ಮಿಸುಕಲಿಲ್ಲ. ಅವನು ಹೆಗಲ ಚೀಲ ಬಿಸಾಕಿ ಓಡಿದ. ಮಂಡಿಯೂರಿ ಕೂತು, ಅವಳ ತಲೆಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡ.

"ಯಾರಾದ್ರೂ ನೀರು ತನ್ರೀ! ಗೊಂಬೆ ಥರ ನಿಂತಿದೀರಲ್ಲ, ಮನುಷ್ಯರಾ ನೀವು?"

ಅವಳು ಒಂದೇ ಒಂದು ಕಣ್ಣು ತೆರೆದಳು.

"ಯಾರ್ರೀ ನೀವು?"

"ನಾನು... ರೈಟರ್."

"ಕ್ಯಾಮೆರಾ ಓಡ್ತಾ ಇದೆ, ರೈಟರ್ ಸಾರ್. ನಾನು ಸತ್ತು ಇನ್ನೂ ಒಂದು ನಿಮಿಷ ಆಗಿಲ್ಲ. ನೆಮ್ಮದಿಯಾಗಿ ಸಾಯೋಕಾದ್ರೂ ಬಿಡಿ."

ಗೋಡೌನಿನ ತಗಡಿನ ಸೂರು ಹಾರಿಹೋಗುವಷ್ಟು ನಗು. ರಿಹರ್ಸಲ್ಲನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದ ನಿರ್ದೇಶಕ ಹಣೆ ಚಚ್ಚಿಕೊಂಡ. ಅವಳು ಮಾತ್ರ ನಗದೆ, ಎದ್ದು ಕೂತು, ಮೊಣಕೈಗೆ ಕಟ್ಟಿದ್ದ ಪ್ಯಾಡ್ ಸರಿಮಾಡಿಕೊಳ್ಳುತ್ತ ಅವನನ್ನೇ ನೋಡಿದಳು. ಕೆನ್ನೆಗೆ ಧೂಳು ಮೆತ್ತಿತ್ತು. ಹಣೆಯ ಬೆವರಿಗೆ ಒಂದೆಳೆ ಕೂದಲು ಅಂಟಿಕೊಂಡಿತ್ತು. ಅದನ್ನು ಸರಿಸಬೇಕೆಂದು ಬೆರಳು ಮೇಲೆದ್ದಿದ್ದು ಅವನಿಗೇ ಗೊತ್ತಾಗಿ, ಕೈಯನ್ನು ಜೇಬಿಗೆ ತುರುಕಿಕೊಂಡ.

"ಗಾಬರಿ ಆಗಿದ್ದು ನಿಮಗೊಬ್ಬರಿಗೇ," ಎಂದಳು ಅವಳು. "ಆದ್ರೆ ಬೀಳಿ ಅಂತ ಬರೆದಿದ್ದೂ ನೀವೇ ತಾನೇ?"

ಹೌದು, ಅವನೇ. 'ಕಾವಲುಗಿತ್ತಿ ಮೆಟ್ಟಿಲಿನಿಂದ ಉರುಳಿ ಬೀಳುತ್ತಾಳೆ.' ಕಿಟಕಿಯ ಪಕ್ಕ ಕೂತು ಚಹಾ ಹೀರುತ್ತ ಬರೆದ ಸಾಲು. ಬರೆಯುವಾಗ ಬೀಳುವವರು ಯಾರೆಂದು ಅವನು ಯೋಚಿಸಿರಲೇ ಇಲ್ಲ.

*

'ಕಾರಿರುಳು' ಎಂಬ ವಿಡಿಯೋ ಗೇಮ್ ಅನ್ನು ಸಿನಿಮಾ ಮಾಡುವ ಕೆಲಸ ಅದು. ಸೂರ್ಯ ಹುಟ್ಟುವುದನ್ನೇ ಮರೆತ ಒಂದು ಊರು. ಊರ ನಡುವೆ ಕರಿಗಲ್ಲಿನ ಗೋಪುರ. ಅದರ ನೆತ್ತಿಯಲ್ಲಿ ಸೆರೆಯಾಗಿರುವ ತಂಗಿಯನ್ನು ಬಿಡಿಸಿಕೊಳ್ಳಲು ಕತ್ತಿ ಹಿಡಿದು ಹೊರಟ ಅಕ್ಕ. ಆಡುವವರ ಬಾಯಲ್ಲಿ ಅವಳು ಬರೀ ಕಾವಲುಗಿತ್ತಿ. ಗೋಪುರದ ಮೆಟ್ಟಿಲ ಉದ್ದಕ್ಕೂ ಮುಖವಾಡದ ಸೈನಿಕರು. ಆ ಮೆಟ್ಟಿಲು ಹತ್ತಲಾರದೆ ಆಟವನ್ನೇ ಬಿಟ್ಟವರು ಎಷ್ಟೋ ಜನ. ಆಟ ಮಾಡಿದ ಕಂಪನಿ ಹಕ್ಕು ಕೊಡುವಾಗ ಒಂದೇ ಒಂದು ಷರತ್ತು ಹಾಕಿತ್ತು: ಏನು ಬೇಕಾದರೂ ಬದಲಿಸಿ, ಮೆಟ್ಟಿಲು ಇರಬೇಕು.

ಮುಖಕ್ಕೆ ಹೆಸರಾಂತ ನಟಿ ಇದ್ದಳು. ಮೈಗೆ ಇವಳು. ಹೊಡೆದಾಟಗಳನ್ನು ಕಟ್ಟುವವಳೂ ಇವಳೇ ಆದ್ದರಿಂದ ಯೂನಿಟ್ಟಿನವರೆಲ್ಲ ಬಾಯ್ತುಂಬ 'ಮಾಸ್ಟರ್' ಎನ್ನುತ್ತಿದ್ದರು. ಇವಳ ಅಪ್ಪನೂ ಸ್ಟಂಟ್ ಮಾಡಿದವರೇ. ಆದರೆ ಇಡೀ ಸಿನಿಮಾದ ಫೈಟ್ ಒಬ್ಬ ಹೆಂಗಸಿನ ಕೈಗೆ ಬಂದಿದ್ದು ಇದೇ ಮೊದಲು. "ಇದರಲ್ಲಿ ಗೆದ್ರೆ ಮುಂದೆ ಯಾರೂ 'ನಿಮ್ಮ ಕೈಲಾಗುತ್ತಾ' ಅಂತ ಕೇಳಲ್ಲ," ಎಂದು ಅವಳೊಮ್ಮೆ ಹೇಳಿದ್ದಳು. "ಸೋತ್ರೆ ಕೇಳೋದೂ ಇಲ್ಲ. ಕರೆಯೋದೇ ಇಲ್ಲ."

ಅವನು ದಿನಾ ಬೆಳಿಗ್ಗೆ ಗೋಡೌನಿಗೆ ಹೋಗತೊಡಗಿದ. ಅವನು ಸಾಲು ಓದುವುದು, ಅವಳು ರಬ್ಬರ್ ಕತ್ತಿ ಹಿಡಿದು ಅದನ್ನು ಮೈಯಲ್ಲಿ ಮಾಡಿ ತೋರಿಸುವುದು.

"'ಮಿಂಚಿನಂತೆ ತಿರುಗುತ್ತಾಳೆ'," ಎಂದು ಅವನು ಓದಿದ.

"ಯಾವ ಕಾಲ ಮೇಲೆ?"

"ಅಂದ್ರೆ?"

"ತಿರುಗಬೇಕಾದ್ರೆ ಒಂದು ಕಾಲು ಊರಬೇಕಲ್ವಾ? ಎಡಗಾಲೋ, ಬಲಗಾಲೋ? ಮಿಂಚಿಗೆ ಕಾಲಿಲ್ಲ, ಬಚಾವಾಯ್ತು. ನನಗಿದೆ."

"ಎಡಗಾಲು," ಎಂದ ಅವನು, ಗೊತ್ತಿಲ್ಲದೆ.

ಅವಳು ಎಡಗಾಲೂರಿ ಗಿರ್ರನೆ ತಿರುಗಿದಳು. ಜಡೆ ಅವನ ಮೂಗಿನ ತುದಿಗೆ ಸೋಕಿ ಹೋಯಿತು. ಕತ್ತಿಯ ಮೊನೆ ಅವನ ಅಂಗಿಯ ಗುಂಡಿಯ ಮೇಲೆ ಬಂದು ನಿಂತಿತು. ಅವಳ ಕಣ್ಣಿನಲ್ಲಿ ಮಾತ್ರ ತುಂಟತನ ನಿಲ್ಲಲಿಲ್ಲ.

"ಉಸಿರು ಬಿಡಿ ರೈಟರ್ ಸಾರ್. ರಬ್ಬರ್ ಇದು."

ಉಸಿರು ಕಟ್ಟಿದ್ದು ಕತ್ತಿಗಲ್ಲವೆಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

ಮನೆಯಲ್ಲಿ ಅಕ್ಕನದು ಇನ್ನೊಂದು ಕಾಟ. ಅಕ್ಕ ಹಲ್ಲಿನ ಡಾಕ್ಟರು. ಕ್ಲಿನಿಕ್ ಮುಚ್ಚಿ ಬಂದು ಟಿ.ವಿ. ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳೆಂದರೆ 'ಕಾರಿರುಳಿ'ನ ಸೈನಿಕರಿಗೆ ಗ್ರಹಚಾರ.

"ಇಡೀ ದಿನ 'ನೋವಾಗಲ್ಲ, ಬಾಯಿ ತೆಗೀರಿ' ಅಂತ ನಯವಾಗಿ ಮಾತಾಡಿರ್ತೀನಿ ಕಣೋ," ಎನ್ನುತ್ತಿದ್ದಳು. "ಸಂಜೆ ನಾಲ್ಕು ಜನಕ್ಕೆ ಬಾರಿಸಿದ್ರೇನೇ ಸಮಾಧಾನ."

ಅವನು ಪಕ್ಕದಲ್ಲಿ ಕೂತು ನೋಡುತ್ತಿದ್ದ. ಮೆಟ್ಟಿಲ ಮೇಲೆ ಕಾವಲುಗಿತ್ತಿ ಬೀಳುವಳು. ಪರದೆ ಕೆಂಪಗಾಗುವುದು. ಮರುಕ್ಷಣ ಮೊದಲ ಮೆಟ್ಟಿಲ ಬಳಿ ಕೂದಲೂ ಕೊಂಕದವಳಂತೆ ಮತ್ತೆ ನಿಂತಿರುವಳು. ಅಕ್ಕ ಬೈಯುತ್ತ ಮತ್ತೆ ಹತ್ತಿಸುವಳು.

ಆಟದವಳಿಗೆ ಎಷ್ಟು ಸಲ ಬಿದ್ದರೂ ಹೊಸ ಮೈ. ಗೋಡೌನಿನವಳಿಗೆ ಇರುವುದು ಒಂದೇ. ಈ ಮಾತು ಅವನ ತಲೆಯಲ್ಲಿ ಹುಳದಂತೆ ಹೊಕ್ಕು ಕೂತಿತು.

*

ಒಂದು ಮಧ್ಯಾಹ್ನ ರಿಹರ್ಸಲ್ ಮುಗಿದ ಮೇಲೆ ಅವಳು ಬೆನ್ನು ತಿರುಗಿಸಿ ಕೂತು ಭುಜಕ್ಕೆ ಸ್ಪ್ರೇ ಹೊಡೆದುಕೊಳ್ಳುತ್ತಿದ್ದಳು. ಅವನು ನೀರಿನ ಬಾಟಲಿ ಹಿಡಿದು ಬಂದ. ಅಂಗಿಯ ತೋಳು ಸರಿದ ಕಡೆ ಅಂಗೈ ಅಗಲದ ನೀಲಿ ಕಲೆ. ಅದರ ಪಕ್ಕ ಹಳತೊಂದು, ಹಳದಿಗೆ ತಿರುಗಿದ್ದು.

"ನೋಯುತ್ತಾ?"

"ಇಲ್ಲ ಅಂದ್ರೆ ನಂಬ್ತೀರಾ?" ತಿರುಗಿ ನೋಡಿದವಳು ಅವನ ಮುಖ ಕಂಡು ದನಿ ತಗ್ಗಿಸಿದಳು. "ಯಾಕ್ರೀ, ನಿಮಗೇ ಪೆಟ್ಟು ಬಿದ್ದೋರ ಥರ ಮುಖ ಮಾಡಿದೀರಿ?"

ಅವನು ಬಾಟಲಿ ಚಾಚಿದ. ಬಾಟಲಿ ಇಸಿದುಕೊಳ್ಳುವಾಗ ಅವಳ ಬೆರಳುಗಳು ಅವನ ಬೆರಳ ಮೇಲೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಇದ್ದವು. ಇಬ್ಬರೂ ಅದನ್ನು ಗಮನಿಸದವರಂತೆ ನಟಿಸಿದರು. ನಟನೆ ಇಬ್ಬರಿಗೂ ಬರುತ್ತಿರಲಿಲ್ಲ.

ಮರುದಿನ ಅವನು ಸ್ಕ್ರಿಪ್ಟ್ ತಿದ್ದಲು ಕೂತ. 'ಮಾಳಿಗೆಯಿಂದ ಹಾರುತ್ತಾಳೆ' ಎಂಬುದು 'ಮಾಳಿಗೆಯಿಂದ ಇಳಿಯುತ್ತಾಳೆ' ಎಂದಾಯಿತು. 'ಗಾಜು ಒಡೆದು ನುಗ್ಗುತ್ತಾಳೆ' ಎಂಬುದು 'ಬಾಗಿಲು ತೆರೆಯುತ್ತಾಳೆ' ಎಂದಾಯಿತು. 'ಬೀಳುತ್ತಾಳೆ' ಎಂದಿದ್ದ ಕಡೆಯಲ್ಲೆಲ್ಲ 'ಗೋಡೆಗೆ ಒರಗುತ್ತಾಳೆ'. ಮೆಟ್ಟಿಲ ಫೈಟೊಂದು ಉಳಿಯಿತು, ಅದೂ ಅರ್ಧ. ನಿರ್ದೇಶಕ ಹೊಸ ಪ್ರತಿ ಓದಿ ತಲೆ ಕೆರೆದುಕೊಂಡ. "ಏನಯ್ಯಾ ಇದು? ಕಾವಲುಗಿತ್ತಿ ಸೈನಿಕರ ಹತ್ರ ಅಡ್ರೆಸ್ ಕೇಳ್ಕೊಂಡು ಹೋಗೋ ಥರ ಇದೆ?" ಅವನು ಭಾವನೆ, ಆಳ, ಒಳಗಿನ ಯುದ್ಧ ಎಂದು ಏನೇನೋ ಹೇಳಿ ಒಪ್ಪಿಸಿದ.

ತಿದ್ದಿದ ಪ್ರತಿ ನಿರ್ಮಾಪಕರ ಮೇಜಿಗೆ ಹೋಯಿತು. ಅವರು ವ್ಯವಹಾರದ ಮನುಷ್ಯ, ನೇರ ಲೆಕ್ಕ. ಫೈಟೇ ಇಷ್ಟು ಕಡಿಮೆ ಇದ್ದಮೇಲೆ ಅದಕ್ಕೊಂದು ತಂಡ ಯಾಕೆ? ಉಳಿದ ಮೆಟ್ಟಿಲನ್ನು ಕಂಪ್ಯೂಟರಿನಲ್ಲೇ ಮಾಡಿಸಿದರಾಯಿತು. ಮಾಸ್ಟರಿಗೆ ಥ್ಯಾಂಕ್ಸ್ ಹೇಳಿ ಕಳಿಸಿ ಎಂದರು.

ಅವನಿಗೆ ಸುದ್ದಿ ಮುಟ್ಟುವ ಮೊದಲು ಅವಳಿಗೆ ಮುಟ್ಟಿತ್ತು. ಅವನು ಗೋಡೌನಿಗೆ ಬಂದಾಗ ಅವಳು ದಪ್ಪ ಮ್ಯಾಟುಗಳನ್ನು ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ಅವಳ ಕೈಯ ಪಕ್ಕದಲ್ಲಿ ಹೊಸ ಸ್ಕ್ರಿಪ್ಟ್ ಬಿದ್ದಿತ್ತು.

"ಇದು ನಿರ್ಮಾಪಕರ ತಲೆನಾ, ನಿಮ್ಮ ತಲೆನಾ?"

"ನನ್ನದೇ," ಎಂದ ಅವನು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ನಿಮ್ಮನ್ನ ತೆಗೆದುಹಾಕ್ತಾರೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ನೀವು ಬೀಳೋದನ್ನ ನನ್ನ ಕೈಲಿ ನೋಡಕ್ಕಾಗ್ಲಿಲ್ಲ. ಅಷ್ಟೇ."

"ನೋಡಕ್ಕಾಗದೇ ಇದ್ರೆ ಕಣ್ಣು ಮುಚ್ಕೋಬೇಕಿತ್ತು. ಪೆನ್ನು ಯಾಕೆ ಎತ್ತಿದ್ರಿ?"

ಅವಳು ಹಗ್ಗದ ಗಂಟು ಬಿಗಿದಳು.

"ನೋವಾಗತ್ತೆ ಅಂತ ನನಗೆ ಗೊತ್ತಿಲ್ವಾ? ಯಾವ ಪೆಟ್ಟು ತಿನ್ನಬೇಕು, ಯಾವುದನ್ನ ತಪ್ಪಿಸ್ಕೋಬೇಕು ಅಂತ ತೂಗಿ ನೋಡೋದೇ ನನ್ನ ಕಸುಬು. ನನ್ನನ್ನ ಒಂದು ಮಾತು ಕೇಳಿದ್ರಾ?" ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಇಷ್ಟು ವರ್ಷ 'ಪಾಪ, ಹೆಣ್ಣುಮಗಳು' ಅಂತ ಹೇಳಿಯೇ ಎಲ್ಲರೂ ನನ್ನನ್ನ ಆಚೆ ಇಟ್ರು. ನೀವು ಹೇಳದೇನೇ ಇಟ್ರಿ."

ಸ್ಕ್ರಿಪ್ಟನ್ನು ಅವನ ಎದೆಗೆ ಒತ್ತಿ, ಮ್ಯಾಟಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು, ಅವಳು ಹೊರಟುಹೋದಳು.

*

ಅಕ್ಕನ ಮುಂದೆ ಎಲ್ಲ ಹೇಳಿಕೊಂಡ. ಅಕ್ಕ ಕೈಯಲ್ಲಿದ್ದ ಕಂಟ್ರೋಲರ್ ಪಕ್ಕಕ್ಕಿಟ್ಟಳು. ಅದು ಅವಳ ಮಟ್ಟಿಗೆ ದೊಡ್ಡ ವಿಷಯ.

"ಇಷ್ಟ ಆಗಿದ್ದಾಳೆ ಅಂತ ಹೇಳೋ ಬದಲು ಅವಳ ಕೆಲಸ ಕಿತ್ಕೊಂಡ್ಯಲ್ಲೋ. ಇದ್ಯಾವ ಸೀಮೆ ಪ್ರೀತಿನೋ ನಿಂದು?"

"ಈಗೇನು ಮಾಡ್ಲಿ?"

"ಮುಖ ಸಪ್ಪೆ ಮಾಡ್ಕೊಂಡು ಇಲ್ಲಿ ಕೂತ್ರೆ ಆಯ್ತಾ? ಕೆಡಿಸಿದೋನೇ ಸರಿಮಾಡಬೇಕು. ಹೊರಡು."

ಅವನು ಹೊರಟ. ಮೊದಲು ನಿರ್ಮಾಪಕರ ಆಫೀಸಿಗೆ. ತಿದ್ದಿದ್ದು ಕಥೆಗಾಗಿ ಅಲ್ಲ, ತನ್ನ ಪುಕ್ಕಲುತನಕ್ಕಾಗಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಹಳೆಯ ಫೈಟುಗಳನ್ನೆಲ್ಲ ಹಿಂದಕ್ಕೆ ತರುತ್ತೇನೆ, ಮೆಟ್ಟಿಲನ್ನು ಹೊಸದಾಗಿ ಬರೆಯುತ್ತೇನೆ, ಮಾಸ್ಟರನ್ನು ಕಳಿಸಬೇಡಿ ಎಂದ. ನಿರ್ಮಾಪಕರು ಕನ್ನಡಕದ ಮೇಲಿಂದ ನೋಡಿದರು.

"ಕಂಪ್ಯೂಟರಿನವರ ಹತ್ರ ಮಾತಾಡಿ ಆಗಿದೆಯಲ್ರೀ. ಅವರಿಗಿಂತ ಮಾಸ್ಟರೇ ಯಾಕೆ ಬೇಕು ಅನ್ನೋದು ನನ್ನ ಕಣ್ಣಿಗೆ ಕಾಣಬೇಕು. ಸೋಮವಾರ ಬನ್ನಿ, ತೋರಿಸಿ. ಆಮೇಲೆ ನೋಡೋಣ."

ಅಲ್ಲಿಂದ ಅವಳ ಮನೆಗೆ. ಬಾಗಿಲು ತೆಗೆದವಳು ಕೈಕಟ್ಟಿ ಹೊಸ್ತಿಲಲ್ಲೇ ನಿಂತಳು. ಹಿಂದೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಊರುಗೋಲು ಹಿಡಿದ ಅವಳ ಅಪ್ಪ ಕೂತಿದ್ದರು.

"ಕ್ಷಮೆ ಕೇಳೋಕೆ ಬಂದಿದ್ರೆ, ಕೇಳಿ ಹೋಗಿ," ಎಂದಳು.

"ಕ್ಷಮೆ ಕೇಳ್ತೀನಿ. ನೀವು ಕ್ಷಮಿಸದಿದ್ರೂ ಪರವಾಗಿಲ್ಲ. ಆದ್ರೆ ಒಂದು ವಿಷಯ ಗೊತ್ತಾಗ್ಬೇಕು. ಆಟದಲ್ಲಿ ಅವಳು ಬೀಳ್ತಾಳೆ, ಪರದೆ ಕೆಂಪಾಗತ್ತೆ, ಮತ್ತೆ ನಿಂತಿರ್ತಾಳೆ. ನಡುವೆ ಹೇಗೆ ಎದ್ದಳು ಅಂತ ಆಟ ತೋರಿಸೋದೇ ಇಲ್ಲ. ಸಿನಿಮಾ ತೋರಿಸಬೇಕಾಗಿರೋದು ಅದನ್ನೇ ಅನ್ಸುತ್ತೆ ನನಗೆ. ಬಿದ್ದೋರು ಏಳುವಾಗ ಮೊದಲು ಯಾವುದು ಅಲ್ಲಾಡತ್ತೆ?"

ಅವಳ ಕಟ್ಟಿದ ಕೈ ಸಡಿಲವಾಗಿತ್ತು.

"ಬೆರಳು," ಎಂದಳು ಕೊನೆಗೆ, ಒಲ್ಲದ ಮನಸ್ಸಿನಿಂದ.

"ಬೆರಳಲ್ಲ ಮಗಳೇ, ಕುತ್ತಿಗೆ," ಎಂದಿತು ಕುರ್ಚಿ.

"ಅಪ್ಪಾ, ಕುತ್ತಿಗೆ ಎತ್ತಬೇಕಾದ್ರೆ ಕೈ ಆಸರೆ ಬೇಡ್ವಾ?"

"ನೋವು ಎಲ್ಲಿದೆ ಅಂತ ನೋಡೋಕೆ ತಲೆ ತಾನೇ ಮೊದಲು ತಿರುಗೋದು?"

"ನೋಡೋದೆಲ್ಲ ಆಮೇಲೆ. ಮೊದಲು ನೆಲ ಎಲ್ಲಿದೆ ಅಂತ ಹುಡುಕಬೇಕು."

ವಾದ ತೀರಬೇಕಾದರೆ ಮಾಡಿಯೇ ತೋರಿಸಬೇಕಾಯಿತು. ಅವಳು ಹಜಾರದ ನೆಲದ ಮೇಲೆ ಬೋರಲು ಮಲಗಿದಳು. ಬಿದ್ದವಳಂತೆ, ನಿಜವಾಗಿಯೂ ಸೋತವಳಂತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೆನ್ನು ಒಂದಿಷ್ಟು ಉಬ್ಬಿತು. ಉಸಿರು. ಬೆರಳೂ ಅಲ್ಲ, ಕುತ್ತಿಗೆಯೂ ಅಲ್ಲ. ಒಳಗೆಲ್ಲೋ ಉಳಿದಿದ್ದ ಒಂದು ಉಸಿರನ್ನು ಅವಳು ಹುಡುಕಿ ಎಳೆದುಕೊಂಡಳು. ಆಮೇಲೆ ಬೆರಳು ನೆಲ ತಡವಿತು.

ಅಪ್ಪ ಊರುಗೋಲು ನೆಲಕ್ಕೆ ಕುಟ್ಟಿದರು. "ಸರಿ. ಇಬ್ಬರೂ ಸೋತ್ವಿ."

ಅವನು ಅಲ್ಲೇ ನೆಲದ ಮೇಲೆ ಕೂತು ಬರೆಯತೊಡಗಿದ. ಅವಳು ಮಲಗಿದ್ದಲ್ಲಿಂದಲೇ ಓರೆಗಣ್ಣಿನಲ್ಲಿ ಅವನನ್ನು ನೋಡಿದಳು.

"ಕೋಪ ಹೋಗಿದೆ ಅಂತ ತಿಳ್ಕೋಬೇಡಿ."

"ಇಲ್ಲ."

"ಕೆಲಸಕ್ಕೋಸ್ಕರ ಮಾತಾಡ್ತಿದೀನಿ."

"ಗೊತ್ತು."

"ಮತ್ಯಾಕೆ ನಗ್ತಿದೀರಿ?"

"ನೀವು ನಗ್ತಿದೀರಲ್ಲ, ಅದಕ್ಕೆ."

ಅವಳು ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡಳು. ಕಿವಿ ಮಾತ್ರ ಕೆಂಪಗೆ ಹೊರಗಿತ್ತು.

*

ಸೋಮವಾರ ನಿರ್ಮಾಪಕರ ಆಫೀಸಿನಲ್ಲಿ ಸೋಫಾಗಳನ್ನು ಗೋಡೆಗೆ ತಳ್ಳಿ ಜಾಗ ಮಾಡಲಾಯಿತು. ಅವನು ಓದಿದ, ಅವಳು ಮಾಡಿದಳು. ಕಾವಲುಗಿತ್ತಿ ಬಿದ್ದು, ಉಸಿರೆಳೆದು, ನೆಲ ತಡವಿ, ಮಂಡಿಯೂರಿ, ಮತ್ತೆ ಬಿದ್ದು, ಮತ್ತೆ ಎದ್ದಳು. ಫೋನ್ ಬಡಿದುಕೊಂಡರೂ ನಿರ್ಮಾಪಕರು ಎತ್ತಲಿಲ್ಲ. ಅವಳು ನೆಟ್ಟಗೆ ನಿಂತ ಮೇಲೆ ತಾವು ಕೂಡ ಕುರ್ಚಿಯಿಂದ ಎದ್ದಿರುವುದು ಗೊತ್ತಾಗಿ, ಕೆಮ್ಮಿ, ಕೂತುಕೊಂಡರು.

"ಮೆಟ್ಟಿಲ ಸೀನು ನಿಮ್ಮ ಮುಖ ಕಾಣದ ಹಾಗೆ, ಎಲ್ಲೂ ತುಂಡು ಮಾಡದೆ ಒಂದೇ ಶಾಟ್‌ನಲ್ಲಿ ಬರಬೇಕು," ಎಂದರು. "ಸೆಟ್ ಒಂದು ದಿನಕ್ಕೆ. ಆವತ್ತು ಆಗಲಿಲ್ವಾ, ಕಂಪ್ಯೂಟರ್. ಒಪ್ಪಿಗೆನಾ ಮಾಸ್ಟರ್?"

"ಒಪ್ಪಿಗೆ," ಎಂದಳು ಅವಳು. ಅವನು ಬಾಯಿ ತೆರೆಯಲಿಲ್ಲ.

ಶೂಟಿಂಗ್ ದಿನ ಬೆಳಿಗ್ಗೆಯೇ ಸ್ಟುಡಿಯೋದ ಒಳಗೆ ಹೊಗೆ ಬಿಟ್ಟು ಕತ್ತಲು ಕಟ್ಟಿದ್ದರು. ಕರಿಯ ಮೆಟ್ಟಿಲುಗಳು ಸುತ್ತಿ ಸುತ್ತಿ ಮೇಲೇರಿ ಮಬ್ಬಿನಲ್ಲಿ ಕರಗಿದ್ದವು. ಮೊದಲ ಸಲ ಒಬ್ಬ ಸೈನಿಕನ ಮುಖವಾಡ ಕಳಚಿ ಬಿತ್ತು. ಮತ್ತೊಮ್ಮೆ ಕ್ಯಾಮೆರಾದವನ ಕಾಲಿಗೆ ಕೇಬಲ್ ತೊಡರಿತು. ಊಟದ ನಂತರ ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ, ತುದಿಯ ತಿರುವಿನಲ್ಲಿ ಅವಳೇ ಜಾರಿದಳು. ಪ್ಯಾಡ್ ಇದ್ದರೂ ಮಂಡಿ ಮೆಟ್ಟಿಲಿಗೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು.

ಅವಳು ಕೆಳಗೆ ಬಂದು ಕೂತಳು. ಸೆಟ್ಟಿನ ಡಾಕ್ಟರು ಮಂಡಿ ಮಡಿಸಿ, ಚಾಚಿ ನೋಡಿ, ಮೂಳೆಗೆ ಏನೂ ಆಗಿಲ್ಲ ಎಂದರು. ಆದರೂ ಅವಳ ತುಟಿ ಬಿಳಿಚಿತ್ತು. ನಿರ್ಮಾಪಕರು ಗಡಿಯಾರ ನೋಡಿದರು. ನಿರ್ದೇಶಕ ಅವನ ಕಡೆ ತಿರುಗಿದ.

"ಏನಯ್ಯಾ, ಸಾಕು ಅಂತ ಹೇಳಿಬಿಡ್ಲಾ? ನೀನು ಹ್ಞೂಂ ಅಂದ್ರೆ ಬರೆದಿರೋದನ್ನೇ ಸ್ವಲ್ಪ ಬದಲಾಯಿಸಿ ಮುಗಿಸಬಹುದು."

ಸಾಕು ಎಂಬ ಮಾತು ಅವನ ಗಂಟಲಿನವರೆಗೂ ಬಂದಿತ್ತು. ಅವಳು ಇತ್ತ ನೋಡುತ್ತಿದ್ದಳು. ಬೇಡಿಕೆಯೂ ಇಲ್ಲ, ಗದರಿಕೆಯೂ ಇಲ್ಲ, ಸುಮ್ಮನೆ ನೋಟ. ಇವನೇನು ಮಾಡುತ್ತಾನೆ ಎಂದು ತಿಳಿದುಕೊಳ್ಳುವ ನೋಟ.

"ಮೈ ಅವರದು," ಎಂದ ಅವನು. "ಅವರನ್ನೇ ಕೇಳಿ."

ಅವಳು ಮಂಡಿಯ ಪಟ್ಟಿ ಬಿಗಿದುಕೊಂಡು ಎದ್ದಳು. "ಇನ್ನೊಂದು," ಎಂದಳು.

ಆಮೇಲೆ ನಡೆದದ್ದನ್ನು ಅವನು ಕಣ್ಣು ಮುಚ್ಚದೆ ನೋಡಿದ. ಉಗುರು ಅಂಗೈಗೆ ಒತ್ತಿ ಗುರುತು ಮೂಡಿದ್ದು ಆಮೇಲೆ ಗೊತ್ತಾಯಿತು. ಅವಳು ಹತ್ತಿದಳು. ಕತ್ತಿಗೆ ಕತ್ತಿ ತಾಗಿತು. ಮುಖವಾಡಗಳು ಎಡಕ್ಕೆ ಬಲಕ್ಕೆ ಉರುಳಿದವು. ತುದಿಯ ತಿರುವಿನಲ್ಲಿ ಬರೆದಿದ್ದಂತೆಯೇ ಅವಳು ಬಿದ್ದಳು. ಭುಜ, ಬೆನ್ನು, ಸೊಂಟ. ಕೆಳಗಿನ ಚೌಕದಲ್ಲಿ ಬೋರಲಾಗಿ ಅಲುಗದೆ ಉಳಿದಳು. ಸ್ಟುಡಿಯೋ ಪೂರ್ತಿ ಉಸಿರು ಹಿಡಿದಿತ್ತು. ಆ ಮೌನ ಉದ್ದವಾಯಿತು. ಬರೆದದ್ದಕ್ಕಿಂತಲೂ ಉದ್ದವಾಯಿತು.

ಬೆನ್ನು ಒಂದಿಷ್ಟು ಉಬ್ಬಿತು.

ಬೆರಳು ಕಲ್ಲನ್ನು ಹುಡುಕಿತು. ಮಂಡಿ ಒಮ್ಮೆ ಸೋತಿತು, ಮತ್ತೆ ನಿಂತಿತು. ಅವಳು ಎದ್ದು, ಕತ್ತಿಯನ್ನು ಎಡಗೈಗೆ ಬದಲಿಸಿ, ಮತ್ತೆ ಹತ್ತಿದಳು. ಈ ಸಲ ಓಡಲಿಲ್ಲ. ಒಂದೊಂದೇ ಮೆಟ್ಟಿಲು, ಮಬ್ಬು ಅವಳನ್ನು ನುಂಗುವವರೆಗೆ.

ನಿರ್ದೇಶಕನಿಗೆ ಕಟ್ ಹೇಳುವುದೇ ಮರೆತುಹೋಗಿತ್ತು. ಅದನ್ನು ಮೇಲಿನ ಮಬ್ಬಿನೊಳಗಿಂದ ಅವಳೇ ಹೇಳಬೇಕಾಯಿತು. "ಸಾರ್, ಇನ್ನು ಮೇಲೆ ಮೆಟ್ಟಿಲಿಲ್ಲ. ಆಕಾಶಕ್ಕೆ ಹತ್ತಲಾ?"

ಚಪ್ಪಾಳೆ, ಕೂಗು, ಸಿಳ್ಳೆ. ನಿರ್ಮಾಪಕರು ಕನ್ನಡಕ ತೆಗೆದು ಒರೆಸಿಕೊಂಡರು. ಹೊಗೆ ಜಾಸ್ತಿ ಎಂದರು.

ಗಲಾಟೆ ತಣ್ಣಗಾದ ಮೇಲೆ ಅವಳು ಕೆಳಗಿನ ಮೆಟ್ಟಿಲಲ್ಲಿ ಕಾಲು ಚಾಚಿ ಕೂತಿದ್ದಳು. ಅವನು ಐಸ್ ಪ್ಯಾಕ್ ತಂದು ಮಂಡಿಯ ಮೇಲಿಟ್ಟು ಪಕ್ಕದಲ್ಲಿ ಕೂತ.

"ಹೇಗೆ ತಡ್ಕೊಂಡ್ರಿ?" ಎಂದು ಅವಳೇ ಕೇಳಿದಳು.

"ತಡ್ಕೊಳ್ಳಲಿಲ್ಲ. ಉಗುರು ಹೇಗೆ ಒತ್ತಿದೆ, ನೋಡಿ." ಅವನು ಅಂಗೈ ಚಾಚಿದ. ಅವಳು ಅದನ್ನು ಹಿಡಿದುಕೊಂಡಳು. "ನೀವು ಬೀಳೋದನ್ನ ನೋಡೋದು ನನಗೆ ಯಾವತ್ತೂ ಅಭ್ಯಾಸ ಆಗಲ್ಲ. ಆದ್ರೂ ನೋಡ್ತೀನಿ. ತಡೆಯಲ್ಲ. ಪ್ರತೀ ಸಲ ಕೆಳಗೆ ನಿಂತಿರ್ತೀನಿ. ನನಗೆ ನೀವಂದ್ರೆ ತುಂಬಾ ಇಷ್ಟ. ನನ್ನ ಮದುವೆ ಆಗ್ತೀರಾ?"

ಅವಳು ಅವನ ಅಂಗೈಯ ಉಗುರಿನ ಗುರುತುಗಳನ್ನೇ ನೋಡಿದಳು. ಕಣ್ಣು ತುಂಬಿತ್ತು. ತುಟಿಯಲ್ಲಿ ತುಂಟತನವೂ ಇತ್ತು.

"ರೈಟರ್ ಸಾರ್, ಮೈಯೆಲ್ಲ ನೋಯ್ತಿರೋವಾಗ ಯಾರಿಗೂ ಮಾತು ಕೊಡಬಾರದು ಅಂತ ನಮ್ಮಪ್ಪ ಹೇಳಿದಾರೆ."

"ನೋವು ಕಮ್ಮಿ ಆದ್ಮೇಲೆ?"

"ಕೇಳಿ ನೋಡಿ," ಎಂದಳು. ಕೈ ಮಾತ್ರ ಬಿಡಲಿಲ್ಲ.

*

ಎಡಿಟಿಂಗ್ ಮುಗಿದು ಸಿನಿಮಾ ಸೌಂಡ್ ಸ್ಟುಡಿಯೋಗೆ ಹೋಯಿತು. ಮೆಟ್ಟಿಲ ಸೀನಿಗೆ ನಟಿಯ ಉಸಿರಾಟ ಹೊಂದಲಿಲ್ಲ. ಮೈ ಯಾರದೋ ಉಸಿರೂ ಅವರದೇ ಬೇಕು ಎಂದು ಮಾಸ್ಟರನ್ನು ಕರೆಸಿದರು.

ಗಾಜಿನ ಆಚೆಯ ಸಣ್ಣ ಕೋಣೆಯಲ್ಲಿ ಅವಳು ನೆಲದ ಮೇಲೆ ಬೋರಲು ಮಲಗಿದ್ದಳು. ಮೈಕನ್ನು ಅವಳ ಬಾಯಿಯ ಹತ್ತಿರಕ್ಕೆ ಇಳಿಸಿದ್ದರು. ಈಚೆ, ಗುಂಡಿಗಳ ದೊಡ್ಡ ಮೇಜಿನ ಮುಂದೆ ಸೌಂಡ್ ಇಂಜಿನಿಯರ್. ಅವನ ಪಕ್ಕದಲ್ಲಿ ರೈಟರ್. ಇಂಜಿನಿಯರ್ ಫೈಲು ಸಿದ್ಧಮಾಡುತ್ತಿದ್ದಾಗ ರೈಟರ್ ಮುಂದಕ್ಕೆ ಬಾಗಿ, ಒಳಗಿನವರೊಂದಿಗೆ ಮಾತಾಡುವ ಗುಂಡಿ ಒತ್ತಿದ.

"ಮಂಡಿ ನೋವು ಹೇಗಿದೆ?"

ಗಾಜಿನಾಚೆ ತಲೆ ಎತ್ತದೆಯೇ ಉತ್ತರ ಬಂತು. "ವಾಸಿಯಾಗಿದೆ."

"ಭುಜ?"

"ಅದೂ."

"ಹಾಗಾದ್ರೆ ಆವತ್ತು ಕೇಳಿದ್ದನ್ನ ಇವತ್ತು ಮತ್ತೆ ಕೇಳ್ತಿದೀನಿ."

ಸ್ಪೀಕರಿನಲ್ಲಿ ಬರೀ ಉಸಿರು. ಎಳೆದುಕೊಂಡಿದ್ದು, ಹಿಡಿದಿಟ್ಟುಕೊಂಡಿದ್ದು, ಬಿಟ್ಟದ್ದು.

"ಹ್ಞೂಂ," ಎಂದಳು.

"ಹ್ಞೂಂ ಅಂದ್ರೆ ಕೇಳಿ ಅಂತನಾ, ಇಲ್ಲಾ..."

"ಹ್ಞೂಂ ಅಂದ್ರೆ ಹ್ಞೂಂ ಕಣೋ! ಇನ್ನು ಅದಕ್ಕೂ ಸ್ಕ್ರಿಪ್ಟ್ ಬರೆದು ಕೊಡ್ತೀಯಾ?"

ನೀವು ಎಂಬುದು ನೀನು ಆಗಿದ್ದನ್ನು ಅವನು ಕಿವಿಯಿಂದಲ್ಲ, ಎದೆಯಿಂದ ಕೇಳಿಸಿಕೊಂಡ. ಇಂಜಿನಿಯರ್ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, ಇಬ್ಬರನ್ನೂ ನೋಡಿ, ಗಂಭೀರವಾಗಿ ಕೇಳಿದ. "ಮೇಡಂ, ರೆಕಾರ್ಡ್ ಆಗ್ತಿತ್ತು. ಎರಡನೇ ಹ್ಞೂಂ ತುಂಬಾ ಚೆನ್ನಾಗಿ ಬಂದಿದೆ. ಏನ್ಮಾಡ್ಲಿ?"

"ಅದು ಸಿನಿಮಾಕ್ಕಲ್ಲ," ಎಂದಳು ಅವಳು. "ಅಳಿಸ್ಬೇಡಿ. ಅವರಿಗೆ ಕೊಟ್ಬಿಡಿ."

ಮತ್ತೆ ಕೆಲಸ ಶುರುವಾಯಿತು. ಪರದೆಯ ಮೇಲೆ ಕಾವಲುಗಿತ್ತಿ ಕತ್ತಲಲ್ಲಿ ಬಿದ್ದಿದ್ದಳು. ಅವಳು ಮೈಕಿನ ಹತ್ತಿರ ಉಸಿರೆಳೆದಳು. ಇಂಜಿನಿಯರ್ ತಲೆಯಾಡಿಸಿದ. "ನಗು ಕೇಳಿಸ್ತಿದೆ ಮೇಡಂ. ಇನ್ನೊಂದು ಸಲ." ಮತ್ತೆ ಎಳೆದಳು. "ಇನ್ನೂ ಇದೆ." ಅವಳು ಎದ್ದು ಕೂತು, ಮುಖ ಒರೆಸಿಕೊಂಡು, ಗಾಜಿನ ಈಚೆ ನೋಡಲೇಬಾರದೆಂದು ಗೋಡೆಗೆ ಮುಖಮಾಡಿ ಮಲಗಿದಳು. ಆದರೂ ಭುಜ ಕುಲುಕುತ್ತಿತ್ತು.

ಕೊನೆಗೆ ಇಂಜಿನಿಯರ್ ದೀಪ ಹಾಕಿ ಕುರ್ಚಿ ಹಿಂದಕ್ಕೆ ತಳ್ಳಿದ. ಆ ಬೆಳಿಗ್ಗೆ ಎಷ್ಟು ಪ್ರಯತ್ನಿಸಿದರೂ, ಸೂರ್ಯ ಹುಟ್ಟದ ಊರಿಗೆ ಒಪ್ಪುವ ಒಂದು ಉಸಿರೂ ಅವಳಿಂದ ಬರಲಿಲ್ಲ.